ಚಕ್ರದ ದಾರಿ, ಶಾಫ್ಟಿನ ದಾರಿ

ಬೇಸಿಗೆ ಬಂತೆಂದರೆ ಬೆಂಗಳೂರಿನ ಗಿರಿನಗರದ ಏರು ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಓಡಾಟ ಹೆಚ್ಚುತ್ತದೆ. ಉಳುವುದಕ್ಕಲ್ಲ, ಉಳಲು ಅಲ್ಲಿ ಅಂಗೈಯಗಲ ಹೊಲವೂ ಉಳಿದಿಲ್ಲ. ಅವು ನೀರಿನ ಟ್ಯಾಂಕು ಎಳೆದು ಬಂದವು. ಮನೆಯ ಮುಂದೆ ಗಾಡಿ ನಿಂತರೂ ಡ್ರೈವರ್ ಎಂಜಿನ್ ಆರಿಸುವುದಿಲ್ಲ. ಒಂದು ಲಿವರ್ ಎಳೆಯುತ್ತಾನೆ, ಟ್ರ್ಯಾಕ್ಟರಿನ ಬೆನ್ನಿನಿಂದ ಹೊರಚಾಚಿದ ಮೋಟು ಶಾಫ್ಟು ತಿರುಗತೊಡಗುತ್ತದೆ, ಅದಕ್ಕೆ ಜೋಡಿಸಿದ ಪಂಪು ನೀರನ್ನು ಮಹಡಿಗೆ ಏರಿಸುತ್ತದೆ. ಎರಡು ಬೀದಿ ಆಚೆ ಯಾರಾದರೂ ಪಾಯ ತೆಗೆಯುತ್ತಿದ್ದರೆ, ಅಲ್ಲಿ ಕಂಪ್ರೆಸರ್ ಹೊತ್ತ ಇನ್ನೊಂದು ಟ್ರ್ಯಾಕ್ಟರ್ ನಿಂತಲ್ಲೇ ಗುಡುಗುತ್ತ ಬಂಡೆ ಕೊರೆಯುವವರಿಗೆ ಗಾಳಿ ಒದಗಿಸುತ್ತಿರುತ್ತದೆ.

ಎಂಜಿನ್ನಿನ ಶಕ್ತಿ ಹೊರಬರಲು ಹೀಗೆ ಎರಡು ದೊಡ್ಡ ದಾರಿಗಳಿವೆ. ಹಿಂದಿನ ಚಕ್ರಗಳ ಮೂಲಕ ನೆಲಕ್ಕೆ ಇಳಿದು ಎಳೆತವಾಗುವುದು ಒಂದು. ಎಲ್ಲರೂ ಪಿಟಿಒ ಎಂದು ಕರೆಯುವ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟಿನ ಮೂಲಕ ನೇರವಾಗಿ ಯಂತ್ರಕ್ಕೆ ಹೋಗುವುದು ಇನ್ನೊಂದು. ಟ್ಯಾಂಕರ್ ಏರು ಹತ್ತುವಾಗ ಮೊದಲನೆಯದು, ನೀರು ಮೇಲಕ್ಕೆ ಕಳಿಸುವಾಗ ಎರಡನೆಯದು. ಟ್ರ್ಯಾಕ್ಟರಿನ ಹಿಂದೆ ಏನು ಕಟ್ಟಬೇಕು ಎಂದು ಕೇಳಿದರೆ ಮಾರುವವರು ಎಚ್‌ಪಿ ಲೆಕ್ಕ ಹೇಳುತ್ತಾರೆ. ಅದು ಬೇಕಾದ ಲೆಕ್ಕವೇ. ಆದರೆ ಅದಕ್ಕೂ ಮೊದಲು, ಈ ಸಲಕರಣೆ ಶಕ್ತಿಯನ್ನು ಯಾವ ದಾರಿಯಲ್ಲಿ ಪಡೆಯುತ್ತದೆ, ಪಡೆದು ಮಣ್ಣಿಗೆ ಏನು ಮಾಡುತ್ತದೆ ಎಂದು ಕೇಳಬೇಕು.

ಗಿರಿನಗರದ ಪಕ್ಕದಲ್ಲಿ ನಿಂತು ಮಣ್ಣಿನ ಮಾತಾಡುವುದು ಅಸಂಬದ್ಧವೇನಲ್ಲ. ಕೂಗಳತೆಯ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅದರ ಕಥೆಯಲ್ಲಿ ಬರುವ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳೆಲ್ಲ ಈಗ ಬಡಾವಣೆಗಳ ಹೊಟ್ಟೆಯೊಳಗಿವೆ. ಅಲ್ಲಿ ಕಡಲೆಕಾಯಿ ಬೆಳೆದದ್ದು ಕೆಂಪು ಮಣ್ಣಿನಲ್ಲಿ. ಲಾಲ್‌ಬಾಗಿನ ಬಂಡೆಯಂಥ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಕೊಳೆತು ಆದ ಮಣ್ಣು ಇದು. ಕಬ್ಬಿಣದ ಆಕ್ಸೈಡು ಬಣ್ಣ ಕೊಟ್ಟಿದೆ, ಜೇಡಿಯಲ್ಲಿ ಕೇವೊಲಿನೈಟೇ ಹೆಚ್ಚು, ಸಾವಯವ ಅಂಶ ಕಡಿಮೆ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಹಾರೋಹಳ್ಳಿಯ ಕಡೆ ಹೋದರೆ, ಅತ್ತ ಆನೇಕಲ್ ಸುತ್ತಿದರೆ, ಅದೇ ಮಣ್ಣಿನಲ್ಲಿ ಇನ್ನೂ ರಾಗಿ ಇದೆ, ಅಕ್ಕಡಿ ಸಾಲಿನಲ್ಲಿ ಅವರೆ ಇದೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಹೊಲಗಳ ಮಾತು.

ಮೊದಲು ಎಳೆಯುವ ಸಲಕರಣೆಗಳನ್ನು ನೋಡೋಣ. ರೆಕ್ಕೆ ನೇಗಿಲು, ಅಂದರೆ ಎಂ.ಬಿ. ನೇಗಿಲು, ಇವುಗಳ ಹಿರಿಯಣ್ಣ. ಅದರ ಕುಳ ಮಣ್ಣನ್ನು ಅಡ್ಡಡ್ಡ ಸೀಳುತ್ತದೆ. ಹಿಂದಿರುವ ತಿರುಚಿದ ರೆಕ್ಕೆ ಆ ಹೆಂಟೆಯನ್ನು ಮೇಲೆತ್ತಿ, ಮಗುಚಿ, ಪಕ್ಕಕ್ಕೆ ಹಾಕುತ್ತದೆ. ಮೇಲಿನ ಕಳೆ, ಕೂಳೆ ಅಡಿಗೆ ಹೋಗುತ್ತದೆ, ಅಡಿಯಲ್ಲಿ ಅಡಗಿದ್ದ ಹುಳುಗಳ ಕೋಶ ಬಿಸಿಲಿಗೆ ಬೀಳುತ್ತದೆ. ಕಬ್ಬಿಣದ ನೇಗಿಲು ನಮ್ಮ ಕಡೆಗೆ ಬಂದ ಕಥೆಯೂ ಸ್ವಾರಸ್ಯದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು. 1900ರ ಆಸುಪಾಸಿನಲ್ಲಿ ಅಲ್ಲೇ ಕಬ್ಬಿಣದ ನೇಗಿಲು ಮಾಡಿ ಮಾರಲು ಹೊರಟಾಗ, ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿದರಂತೆ. ನಕ್ಕುಬಿಡಬೇಡಿ. ಹೊಸ ಸಲಕರಣೆ ನೆಲಕ್ಕೆ ಏನು ಮಾಡೀತು ಎಂಬ ಆ ಅನುಮಾನದ ಕಾರಣ ತಪ್ಪಿರಬಹುದು, ಅನುಮಾನ ತಪ್ಪಲ್ಲ. ಇವತ್ತು ತಿರುಗುವ ಅಲಗುಗಳ ರೋಟವೇಟರ್ ಕೊಳ್ಳುವವರಲ್ಲಿ ಅಷ್ಟು ಅನುಮಾನ ಇದ್ದಿದ್ದರೆ ನನಗೆ ಈ ಅಧ್ಯಾಯ ಬರೆಯುವ ಕೆಲಸ ಇರುತ್ತಿರಲಿಲ್ಲ.

ಎತ್ತಿನ ಹಿಂದೆ ನೇಗಿಲು ಹಿಡಿದವನ ಕೈ ಮೇಳಿಯ ಮೇಲಿರುತ್ತದೆ. ಕುಳ ಎಷ್ಟು ಆಳಕ್ಕೆ ಹೋಗಬೇಕೆಂದು ಆ ಕೈ ಗಳಿಗೆ ಗಳಿಗೆಗೂ ತೀರ್ಮಾನಿಸುತ್ತದೆ. ಟ್ರ್ಯಾಕ್ಟರ್ ಬಂದಾಗ ಆ ಕೈ ಮಾಯವಾಯಿತು. ಮೊದಮೊದಲು ನೇಗಿಲನ್ನು ಸುಮ್ಮನೆ ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಕುಳ ಬೇರಿಗೋ ಬಂಡೆಗೋ ಸಿಕ್ಕಿಬಿದ್ದರೆ ಹಿಂದಿನ ಚಕ್ರ ನೆಲ ಕಚ್ಚಿ, ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಡ್ರೈವರಿನ ಮೇಲೆ ಮಗುಚುತ್ತಿತ್ತು. ಇದಕ್ಕೆ ಮದ್ದು ಕಂಡುಹಿಡಿದವರು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್, ಹೀಗೆ ಮೂರು ಬಿಂದುಗಳಲ್ಲಿ ನೇಗಿಲನ್ನು ಟ್ರ್ಯಾಕ್ಟರಿನ ಅಂಗವೇ ಆಗುವಂತೆ ಜೋಡಿಸುವ ಅವರ ವಿಧಾನ 1920ರ ದಶಕದಲ್ಲಿ ರೂಪುಗೊಂಡು, ಹೆನ್ರಿ ಫೋರ್ಡ್ ಜತೆ ಬರೀ ಕೈಕುಲುಕಿ ಮಾಡಿಕೊಂಡ ಒಪ್ಪಂದದ ಮೇಲೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ ಲೋಕಪ್ರಸಿದ್ಧವಾಯಿತು. (ಆ ಕೈಕುಲುಕು ಮುಂದೆ ದೊಡ್ಡ ಕೋರ್ಟ್ ಕೇಸಾಗಿ 1952ರಲ್ಲಿ ರಾಜಿಯಾಯಿತು. ಬಾಯಿಮಾತಿನ ಕರಾರು ಅಮೆರಿಕದಲ್ಲೂ ಅಷ್ಟೇ.)

ಈ ಮೂರು ಬಿಂದುಗಳ ಜಾಣ್ಮೆ ಸ್ವಲ್ಪ ನಿಂತು ನೋಡುವಂಥದ್ದು. ಉಳುವಾಗ ಕೆಳಗಿನ ಎರಡು ತೋಳುಗಳನ್ನು ನೇಗಿಲು ಹಿಂದಕ್ಕೆ ಜಗ್ಗುತ್ತಿರುತ್ತದೆ, ಮೇಲಿನ ಲಿಂಕನ್ನು ಮುಂದಕ್ಕೆ ಒತ್ತುತ್ತಿರುತ್ತದೆ. ಆ ಒತ್ತು ಮೂತಿ ಏಳದಂತೆ ತಡೆಯುತ್ತದೆ. ಮಣ್ಣು ಗಟ್ಟಿಯಾದಷ್ಟೂ ಒತ್ತು ಹೆಚ್ಚುತ್ತದೆ. ಅದನ್ನೇ ಸುಳಿವಾಗಿ ಹಿಡಿದು ಹೈಡ್ರಾಲಿಕ್ ವ್ಯವಸ್ಥೆ ನೇಗಿಲನ್ನು ಒಂದಿಷ್ಟು ಎತ್ತುತ್ತದೆ, ಮಣ್ಣು ಸಡಿಲವಾದರೆ ಮತ್ತೆ ಇಳಿಸುತ್ತದೆ. ಮೇಳಿ ಹಿಡಿದ ಕೈಯ ಕೆಲಸ ಎಣ್ಣೆಯ ಒತ್ತಡಕ್ಕೆ ವರ್ಗವಾಯಿತು. ಇನ್ನೊಂದು ಲಾಭವೂ ಉಂಟು. ನೇಗಿಲಿನ ಭಾರ, ಕುಳ ಮಣ್ಣಿಗಿಳಿಯಲು ಹವಣಿಸುವ ಸೆಳೆತ ಎರಡೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತವೆ. ಚಕ್ರದ ಮೇಲೆ ಭಾರ ಹೆಚ್ಚಿದರೆ ಹಿಡಿತ ಹೆಚ್ಚು.

ಚಕ್ರದ ದಾರಿಯಲ್ಲಿ ಎಲ್ಲವೂ ನಿಂತಿರುವುದು ಈ ಹಿಡಿತದ ಮೇಲೆ. ಒಂದು ಲೆಕ್ಕ ಮಾಡಿ. 30 ಸೆಂಟಿಮೀಟರ್ ಅಗಲದ ಎರಡು ಕುಳ, 20 ಸೆಂಟಿಮೀಟರ್ ಆಳ. ಸೀಳಬೇಕಾದ ಮಣ್ಣಿನ ಮುಖ 1,200 ಚದರ ಸೆಂಟಿಮೀಟರ್. ಹದವಿರುವ ಮಧ್ಯಮ ಮಣ್ಣು ಚದರ ಸೆಂಟಿಮೀಟರಿಗೆ ಸುಮಾರು 0.4 ಕಿಲೋ ತಡೆ ಒಡ್ಡುತ್ತದೆ ಎಂದುಕೊಂಡರೆ ಎಳೆತ 480 ಕಿಲೋ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಇದಕ್ಕೆ ಬೇಕಾದದ್ದು 7 ಎಚ್‌ಪಿ ಮಾತ್ರ. ಭಾರೀ ಜೇಡಿಯಾಗಿ ತಡೆ 0.75ಕ್ಕೆ ಏರಿದರೆ ಎಳೆತ 900 ಕಿಲೋ, ಶಕ್ತಿ 13 ಎಚ್‌ಪಿ. ಹಾಗಾದರೆ 40 ಎಚ್‌ಪಿ ಟ್ರ್ಯಾಕ್ಟರ್ ಅಲ್ಲಿ ಏದುಸಿರು ಬಿಡುವುದೇಕೆ? ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಒಂದೂವರೆ ಟನ್ ಎಂದರೆ, ಹೊಲದ ನೆಲದಲ್ಲಿ ಅದರ ಅರ್ಧದಷ್ಟು, ಅಂದರೆ 750 ಕಿಲೋ ಎಳೆತ ಸಿಕ್ಕಿದರೆ ಪುಣ್ಯ. 900 ಕಿಲೋ ಬೇಕೆಂದಾಗ ಎಂಜಿನ್ನಿನಲ್ಲಿ ಶಕ್ತಿ ಇದ್ದೂ ಚಕ್ರ ನಿಂತಲ್ಲೇ ತಿರುಗುತ್ತದೆ, ಡೀಸೆಲ್ ಉರಿದು ಟೈರು ಸವೆಯುತ್ತದೆ. ಸೋಲುವುದು ಎಂಜಿನ್ ಅಲ್ಲ, ರಬ್ಬರ್ ಮತ್ತು ಮಣ್ಣಿನ ನಡುವಿನ ಘರ್ಷಣೆ. ಹೀಗಿರುವಾಗ ದೊಡ್ಡ ಎಂಜಿನ್ನಿಗಿಂತ ಕುಳ ಒಂದು ಕಡಿಮೆ ಮಾಡುವುದು, ಮಣ್ಣು ಹದಕ್ಕೆ ಬರುವವರೆಗೆ ಕಾಯುವುದು, ಚಕ್ರಕ್ಕೆ ನೀರು ತುಂಬಿ ಭಾರ ಹೆಚ್ಚಿಸುವುದು ಅಗ್ಗದ ಪರಿಹಾರ.

ತಟ್ಟೆ ನೇಗಿಲು ಇದೇ ದಾರಿಯ ಇನ್ನೊಂದು ಉಪಾಯ. ಮಣ್ಣಿನ ಮೇಲೆ ಜಾರುವ ರೆಕ್ಕೆಯ ಬದಲು ಉರುಳುವ ತಟ್ಟೆ. ಕಲ್ಲು, ಮರದ ಬೇರು ಅಡ್ಡ ಬಂದರೆ ಅದರ ಮೇಲೆ ಉರುಳಿ ದಾಟುತ್ತದೆ. ಒಣಗಿ ಕಲ್ಲಾದ ನೆಲಕ್ಕೂ ತನ್ನ ಭಾರದಿಂದಲೇ ಇಳಿಯುತ್ತದೆ. ನೀಲಗಿರಿ ತೋಪು ಕಡಿಸಿ ಮತ್ತೆ ಹೊಲ ಮಾಡುವವರಿಗೆ ಇದು ಸರಿ. ಆದರೆ ಮಗುಚುವ ಕೆಲಸ ಅರೆಬರೆ, ಕೂಳೆ ಪೂರ್ತಿ ಮುಚ್ಚುವುದಿಲ್ಲ. ಇಳಿಜಾರು ಹೊಲವಿದ್ದವರು ನೋಡಬೇಕಾದದ್ದು ಪಲ್ಟಿ ನೇಗಿಲನ್ನು. ಸಾದಾ ರೆಕ್ಕೆ ನೇಗಿಲು ಯಾವಾಗಲೂ ಬಲಕ್ಕೇ ಮಣ್ಣು ಹಾಕುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹೋಗಿ ಬಂದರೆ ಒಂದು ಸಲ ಮಣ್ಣು ಮೇಲಕ್ಕೆ, ಇನ್ನೊಂದು ಸಲ ಕೆಳಕ್ಕೆ. ಪಲ್ಟಿ ನೇಗಿಲನ್ನು ಹೊಲದ ಕೊನೆಯಲ್ಲಿ ತಿರುವಿಕೊಂಡರೆ ಪ್ರತಿ ಸಾಲಿನ ಮಣ್ಣನ್ನೂ ಏರಿನ ಕಡೆಗೇ ಹಾಕಬಹುದು. ಬೆಂಗಳೂರು ದಕ್ಷಿಣದ ಏರುತಗ್ಗಿನ ಹೊಲಗಳಲ್ಲಿ ಈ ಒಂದು ಗುಣಕ್ಕೇ ಅದು ಹೆಚ್ಚಿನ ಬೆಲೆಗೆ ಅರ್ಹ.

ಇನ್ನು ಕಲ್ಟಿವೇಟರ್. ನಮ್ಮ ಕಡೆ ಅತಿ ಹೆಚ್ಚು ಕಾಣುವುದು, ಅತಿ ಕಡಿಮೆ ಹೊಗಳಿಸಿಕೊಂಡಿರುವುದು ಇದೇ. ಒಂಬತ್ತು ಹಲ್ಲು, ಹಲ್ಲಿಗೊಂದು ಸ್ಪ್ರಿಂಗು. ಕಲ್ಲು ಸಿಕ್ಕರೆ ಹಲ್ಲು ಹಿಂದಕ್ಕೆ ಬಾಗಿ ದಾಟಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮಣ್ಣನ್ನು ಮಗುಚುವುದಿಲ್ಲ, ಸೀಳಿ ಸಡಿಲಿಸುತ್ತದೆ. ಎರಡು ಮೀಟರ್ ಅಗಲವನ್ನು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎಳೆದರೆ, ತಿರುವುಗಳ ಹೊತ್ತು ಕಳೆದೂ ಗಂಟೆಗೆ ಒಂದೂ ಮುಕ್ಕಾಲು ಎಕರೆಯಷ್ಟು ಮುಗಿಯುತ್ತದೆ. ಎರಡು ಕುಳದ ನೇಗಿಲಿಗೆ ಅದೇ ಒಂದು ಗಂಟೆಯಲ್ಲಿ ಅರ್ಧ ಎಕರೆ ಆಗುವುದೂ ಕಷ್ಟ.

ಈಗ ಶಾಫ್ಟಿನ ದಾರಿ. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ 1912ರ ಹೊತ್ತಿಗೆ ತಮ್ಮ ತಂದೆಯ ಜಮೀನಿನಲ್ಲಿ, ತಿರುಗುವ ಅಲಗುಗಳಿಂದ ಮಣ್ಣು ಹದ ಮಾಡುವ ಪ್ರಯೋಗ ಆರಂಭಿಸಿದರು. ರೋಟವೇಟರ್ ಹುಟ್ಟಿದ್ದು ಹಾಗೆ. ಇಂಗ್ಲಿಷಿನ ಎಲ್ ಆಕಾರದ ಅಲಗುಗಳು ಚಕ್ರ ತಿರುಗುವ ದಿಕ್ಕಿನಲ್ಲೇ ತಿರುಗಿ ಮಣ್ಣನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತವೆ. ಹಾಗಾಗಿ ಅದನ್ನು ಎಳೆಯುವ ಶ್ರಮವಿಲ್ಲ, ಅದೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಚಕ್ರ ಜಾರುವ ತಾಪತ್ರಯ ಇಲ್ಲ. ನೇಗಿಲಿಗೆ ಬಳಸಲಾಗದೆ ಉಳಿದ ಎಚ್‌ಪಿ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಓಟದಲ್ಲಿ ಹೊಲ ಬಿತ್ತನೆಗೆ ಸಿದ್ಧವಾದಂತೆ ಕಾಣುತ್ತದೆ. ಯಾರಿಗೆ ಆಸೆಯಾಗುವುದಿಲ್ಲ?

ಹಿಮ ಬೀಳುವ ನಾಡುಗಳಲ್ಲೂ ಟ್ರ್ಯಾಕ್ಟರ್ ಇಟ್ಟುಕೊಂಡವರು ಪ್ರತಿ ಚಳಿಗಾಲಕ್ಕೆ ಮುಂಚೆ ಚಕ್ರವೋ ಶಾಫ್ಟೋ ಎಂಬ ಇದೇ ಕವಲಿನಲ್ಲಿ ನಿಲ್ಲುತ್ತಾರೆ. ಹಿಮ ತಳ್ಳುವ ಬ್ಲೇಡು ಸರಳ, ಅಗ್ಗ, ವೇಗದ್ದು, ಆದರೆ ಅದು ಚಕ್ರದ ದಾರಿಯದು. ಮಂಜುಗಡ್ಡೆಯ ಮೇಲೆ ರಬ್ಬರಿಗೆ ಸಿಗುವ ಹಿಡಿತ ಭಾರದ ಹತ್ತರಲ್ಲೊಂದು ಪಾಲು. ಚಕ್ರಕ್ಕೆ ಸರಪಳಿ ಸುತ್ತುವುದು ಅದಕ್ಕೇ. ಈಗ ತಾನೇ ಬಿದ್ದ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಗಾಳಿ ಬಡಿದು ಗಟ್ಟಿಯಾದದ್ದು 300 ಕಿಲೋ ಮೀರುತ್ತದೆ. ಬ್ಲೇಡು ಪಕ್ಕಕ್ಕೆ ತಳ್ಳಿದ ರಾಶಿಯೇ ಮುಂದಿನ ಸಲಕ್ಕೆ ಗೋಡೆಯಾಗುತ್ತದೆ. ಆಳದ ಹಿಮಕ್ಕೆ ಮಧ್ಯದಲ್ಲಿ ಸೀಳಿ ಎರಡೂ ಕಡೆ ಹಂಚುವ ವಿ ಆಕಾರದ ಬ್ಲೇಡು ಉಂಟು. ಅದೂ ಸೋತಲ್ಲಿ ಶಾಫ್ಟಿನಿಂದ ತಿರುಗಿ ಹಿಮವನ್ನು ಕಡಿದು ದೂರ ಎಸೆಯುವ ಯಂತ್ರವೇ ಗತಿ. ಟೊರಾಂಟೊ ನಗರದ ಎಲಿಯಟ್ ಎಂಬ ದಂತವೈದ್ಯರು ರೈಲು ಹಳಿಗಾಗಿ ಇಂಥದ್ದೊಂದನ್ನು 1869ರಲ್ಲೇ ಯೋಚಿಸಿದ್ದರು, ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ 1925ರಲ್ಲಿ ರಸ್ತೆಗೆ ತಂದರು. ನಮ್ಮ ದೇಶದ ಜೋಜಿಲಾ ಕಣಿವೆಯಲ್ಲಿ ಗಡಿ ರಸ್ತೆ ಸಂಸ್ಥೆಯವರು ಎರಡನ್ನೂ ಇಟ್ಟುಕೊಂಡಿದ್ದಾರೆ. ಎಸೆಯಲು ಸ್ನೋ ಕಟರ್, ಹಿಮಕುಸಿತದ ಗಟ್ಟಿ ರಾಶಿ ತಳ್ಳಲು ಡೋಜರ್. 2023ರಲ್ಲಿ ಆ ಕಣಿವೆ 68 ದಿನ ಮುಚ್ಚಿದ್ದು ಮಾರ್ಚ್ 16ಕ್ಕೆ ತೆರೆಯಿತು. ಡೋಜರ್ ಎಂದರೆ ನಮಗೆ ಪರಕೀಯವಲ್ಲ, ಬಿಇಎಂಎಲ್ ಅವನ್ನು ತಯಾರಿಸುವುದು ನಮ್ಮ ಕೆಜಿಎಫ್‌ನಲ್ಲಿ.

ಆದರೆ ಹಿಮಕ್ಕೂ ಹೊಲಕ್ಕೂ ಒಂದು ವ್ಯತ್ಯಾಸವಿದೆ. ಎಸೆದ ಹಿಮ ಪುಡಿಯಾದರೆ ಯಾರಿಗೂ ನಷ್ಟವಿಲ್ಲ, ಅದು ಕರಗಿ ಹೋಗುವಂಥದ್ದು. ಮಣ್ಣು ಅಲ್ಲೇ ಇರಬೇಕು, ಅದರ ಒಳಗಿನ ಕಟ್ಟಡ ಉಳಿಯಬೇಕು. ರೋಟವೇಟರಿನ ಅಲಗಿನ ತುದಿ ಮಣ್ಣಿಗೆ ಬಡಿಯುವ ವೇಗ ಲೆಕ್ಕ ಹಾಕಿ. ಸುಮಾರು 48 ಸೆಂಟಿಮೀಟರ್ ವ್ಯಾಸ, ನಿಮಿಷಕ್ಕೆ 200 ಸುತ್ತು ಎಂದರೆ ಸೆಕೆಂಡಿಗೆ 5 ಮೀಟರ್, ಗಂಟೆಗೆ 18 ಕಿಲೋಮೀಟರ್. ಕಲ್ಟಿವೇಟರಿನ ಹಲ್ಲಿನ ಮೂರು ನಾಲ್ಕು ಪಟ್ಟು. ಹೆಂಟೆ ಉಳಿಯದೆ ಹಿಟ್ಟಾಗುವುದು ಹೀಗೆ.

ಹಿಟ್ಟಾದ ಕೆಂಪು ಮಣ್ಣಿನ ಮೇಲೆ ಬೆಂಗಳೂರಿನ ಸಂಜೆ ಮಳೆ ಸುರಿದರೆ ಏನಾಗುತ್ತದೆ? ದಪ್ಪ ಹನಿಗಳು ಸೆಕೆಂಡಿಗೆ 8-9 ಮೀಟರ್ ವೇಗದಲ್ಲಿ ಬಂದು ಅಪ್ಪಳಿಸುತ್ತವೆ. ಕಾಳುಕಾಳಾಗಿದ್ದ ಮಣ್ಣು ಇನ್ನಷ್ಟು ಒಡೆದು, ನಯವಾದ ಜೇಡಿ ರಂಧ್ರಗಳಿಗೆ ಇಳಿದು ಮೇಲ್ಮೈಯನ್ನು ಮೆತ್ತಿ ಮುಚ್ಚುತ್ತದೆ. ಎರಡು ದಿನದ ಬಿಸಿಲಿಗೆ ಅದೇ ಹಕ್ಕಳೆಗಟ್ಟುತ್ತದೆ. ಅದರಡಿಯಲ್ಲಿ ಮೊಳೆತ ರಾಗಿಗೆ ತಲೆ ಎತ್ತಲಾಗುವುದಿಲ್ಲ. ಮುಂದಿನ ಮಳೆಯ ನೀರು ಇಂಗದೆ ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಕರೆದೊಯ್ಯುತ್ತದೆ. ಕಡಲೆಕಾಯಿಯ ಗತಿ ಇನ್ನೂ ಕಷ್ಟ. ಅದರ ಹೂವು ಅರಳಿ ಬಾಡಿದ ಮೇಲೆ ಸೂಜಿಯಂಥ ಕಡ್ಡಿಯೊಂದು ಕೆಳಗಿಳಿದು ಮಣ್ಣು ಹೊಕ್ಕು ಅಲ್ಲಿ ಕಾಯಿ ಕಟ್ಟಬೇಕು. ಹಕ್ಕಳೆ ಕಟ್ಟಿದ ನೆಲದಲ್ಲಿ ಆ ಸೂಜಿ ಹೊರಗೇ ಒಣಗುತ್ತದೆ. ಪರಿಷೆಗೆ ಕಾಯಿ ತರುತ್ತಿದ್ದವರು ಎತ್ತು, ನೇಗಿಲು, ಹಲುಬೆಗಳಲ್ಲಿ ಮಾಡುತ್ತಿದ್ದ ಹದ ಒರಟಾಗಿತ್ತು, ಬೆಳೆಗೆ ಬೇಕಾದದ್ದೂ ಅದೇ.

ರಾಗಿ ಕಾಳು ಸಣ್ಣದು, ಸಾವಿರ ಕಾಳು ಸೇರಿಸಿದರೂ ಮೂರು ಗ್ರಾಂ ದಾಟುವುದು ಕಷ್ಟ. ಅಷ್ಟು ಸಣ್ಣ ಬೀಜಕ್ಕೆ ನಯವಾದ ಮಣ್ಣು ಬೇಡವೇ ಎಂದು ರೋಟವೇಟರ್ ಪಕ್ಷದವರು ಕೇಳುತ್ತಾರೆ. ಬೇಕು, ಆದರೆ ಮೇಲಿನ ಎರಡು ಮೂರು ಬೆರಳಿನಷ್ಟು ಮಾತ್ರ. ಅದರಡಿಯಲ್ಲಿ ಸಣ್ಣಪುಟ್ಟ ಹೆಂಟೆ ಇದ್ದರೆ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ. ಕಲ್ಟಿವೇಟರಿನಲ್ಲಿ ಉದ್ದ ಅಡ್ಡ ಎರಡು ಸಾಲು ಹೊಡೆದು ಮೇಲೆ ಕುಂಟೆ ಆಡಿಸಿದರೆ ಈ ಎರಡಂತಸ್ತಿನ ಹದ ಸಿಗುತ್ತದೆ. ರೋಟವೇಟರ್ ಹತ್ತು ಹನ್ನೆರಡು ಸೆಂಟಿಮೀಟರಿನವರೆಗೂ ಒಂದೇ ಸಮ ಪುಡಿ ಮಾಡುತ್ತದೆ, ಅದರ ಅಡಿಯನ್ನು ವರ್ಷವರ್ಷವೂ ಒಂದೇ ಮಟ್ಟದಲ್ಲಿ ಬಡಿದು ಸವರುತ್ತದೆ. ಟೈರಿನ ಒತ್ತಡವೂ ಸೇರಿ ಅಲ್ಲೊಂದು ಗಟ್ಟಿ ಪದರ ಏಳುತ್ತದೆ, ಬೇರು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ. ಗರಿಕೆ, ಜೇಕು ಇರುವ ಹೊಲವಾದರೆ ಇನ್ನೊಂದು ಕೇಡು. ಅಲಗು ಅವುಗಳ ಬಳ್ಳಿ, ಗಡ್ಡೆಗಳನ್ನು ತುಂಡರಿಸಿ ಹೊಲದ ತುಂಬ ಹಂಚುತ್ತದೆ. ತುಂಡುಗಳೆಲ್ಲ ಚಿಗುರುತ್ತವೆ. ಕಳೆ ನಾಟಿ ಮಾಡಲು ಇದಕ್ಕಿಂತ ಒಳ್ಳೆಯ ಯಂತ್ರ ನಾನು ಕಂಡಿಲ್ಲ.

ಕೆಸರುಗದ್ದೆಯಲ್ಲಿ ಮಾತ್ರ ಈ ತಕರಾರುಗಳೆಲ್ಲ ತಲೆಕೆಳಗಾಗುತ್ತವೆ. ಭತ್ತಕ್ಕೆ ಮಣ್ಣಿನ ರಂಧ್ರ ಮುಚ್ಚಿ ನೀರು ನಿಲ್ಲಬೇಕು. ಕಟ್ಟಡ ಕೆಡವುವುದೇ ಅಲ್ಲಿ ಉದ್ದೇಶ, ಅಡಿಯ ಗಟ್ಟಿ ಪದರವೂ ಬೇಕಾದದ್ದೇ. ಮೆತ್ತನೆಯ ಕೆಸರಿನಲ್ಲಿ ಎಳೆಯುವ ಚಕ್ರಕ್ಕೆ ಹಿಡಿತವೂ ಇಲ್ಲ. ಮಂಡ್ಯದ ನಾಲೆ ಬಯಲಿನಲ್ಲೂ ಮಲೆನಾಡಿನ ಗದ್ದೆಗಳಲ್ಲೂ ಪವರ್ ಟಿಲ್ಲರ್ ಗೆದ್ದದ್ದು ಈ ಕಾರಣಕ್ಕೆ. ಅದು ಶಾಫ್ಟಿನ ದಾರಿಯ ಚಿಕ್ಕ ತಮ್ಮ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಅದನ್ನು ಮನೆಮಾತಾಗಿಸಿತು.

ಉತ್ತರ ಕರ್ನಾಟಕದ ಎರೆ ಭೂಮಿಗೆ ಬೇರೆಯೇ ನ್ಯಾಯ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಾಯಿಬಿಡುತ್ತದೆ, ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಹಸಿಯಿದ್ದಾಗ ರೆಕ್ಕೆಗೆ ಮೆತ್ತಿಕೊಂಡು ನೇಗಿಲನ್ನೇ ನಿಲ್ಲಿಸುತ್ತದೆ. ಅಮೆರಿಕದ ಜಾನ್ ಡಿಯರ್ 1837ರಲ್ಲಿ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ್ದು ಇಂಥದ್ದೇ ಅಂಟುಮಣ್ಣಿನ ಕಾಟ ತಾಳಲಾರದೆ. ನಮ್ಮ ಎರೆ ಸೀಮೆಯಲ್ಲಿ ಬೇಸಿಗೆಗೆ ಪಲ್ಟಿ ಹೊಡೆಸಿ ಗರಿಕೆ ಕೀಳಿಸುವುದು ವಾಡಿಕೆ, ದೊಡ್ಡ ಹೆಂಟೆಗಳನ್ನು ಬಿಸಿಲು ಮಳೆಗಳೇ ಒಡೆಯುತ್ತವೆ. ಗದಗಿನಲ್ಲಿ ಸರಿ ಕಂಡದ್ದನ್ನು ಆನೇಕಲ್ಲಿಗೆ ತಂದರೆ ಹೆಂಟೆ ಹಾಗೇ ಉಳಿದೀತು, ಏಕೆಂದರೆ ಕೇವೊಲಿನೈಟ್ ಹಾಗೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಯಾವ ಸಲಕರಣೆಯೇ ಆಗಲಿ, ಹದ ತಪ್ಪಿದರೆ ಕೆಟ್ಟದ್ದೇ. ಉಳುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅಮುಕಿ. ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಒಣಗಿದೆ, ಬಿದ್ದೂ ಒಡೆಯದಿದ್ದರೆ ಇನ್ನೂ ಹಸಿ. ಗಂಟೆ ಲೆಕ್ಕದ ಬಾಡಿಗೆ ಟ್ರ್ಯಾಕ್ಟರಿಗೆ ಈ ಪರೀಕ್ಷೆ ಮಾಡುವಷ್ಟು ಪುರಸೊತ್ತಿಲ್ಲ, ಸರದಿಯಲ್ಲಿ ಇನ್ನೂ ಹತ್ತು ಹೊಲ ಇರುತ್ತವೆ. ರೋಟವೇಟರಿನ ಜನಪ್ರಿಯತೆಗೆ ಇದೂ ಒಂದು ಕಾರಣ. ಹದ ಇರಲಿ ಬಿಡಲಿ, ಕೆಲಸ ಆದಂತೆ ಕಾಣಿಸುವುದು ಅದಕ್ಕೆ ಮಾತ್ರ ಗೊತ್ತು.

ಕನಕಪುರ ರಸ್ತೆಯ ಬದಿಯಲ್ಲಿ ಎರಡು ಮೂರು ಎಕರೆ ಕೆಂಪು ಹೊಲ ಇಟ್ಟುಕೊಂಡಿರುವವರಿಗೆ, ವಾರಾಂತ್ಯದ ರೈತರೂ ಸೇರಿ, ನನ್ನ ತೀರ್ಪು ಇದು. ಕೊಳ್ಳುವುದಾದರೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕೊಳ್ಳಿ, ನಿಮ್ಮ ಟ್ರ್ಯಾಕ್ಟರಿನ ಪಿನ್ನಿನ ಅಳತೆಗೆ ಅದು ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ರೋಟವೇಟರನ್ನು ಹಸಿರೆಲೆ ಗೊಬ್ಬರವನ್ನೋ ಜೋಳದ ದಂಟನ್ನೋ ಮಣ್ಣಿಗೆ ಸೇರಿಸುವ ದಿನಕ್ಕೆ ಮಾತ್ರ ಬಾಡಿಗೆಗೆ ತನ್ನಿ. ಪಲ್ಟಿ ನೇಗಿಲೂ ಬಾಡಿಗೆಯದೇ ಸಾಕು. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಇರುವುದೇ ಇದಕ್ಕಾಗಿ. ಪಲ್ಟಿ ನೇಗಿಲನ್ನು ಕರೆಸುವ ಮುಂಚೆ, ಒಳ್ಳೆಯ ಮಳೆಯಾದ ಎರಡನೆಯ ದಿನ, ಬೆರಳು ಗಾತ್ರದ ಕಬ್ಬಿಣದ ಸರಳೊಂದನ್ನು ಹೊಲದ ನಾಲ್ಕಾರು ಕಡೆ ಕೈಯಿಂದ ಒತ್ತಿ ನೋಡಿ. ಗೇಣಿನಾಳ ಸಲೀಸಾಗಿ ಇಳಿದರೆ ಈ ವರ್ಷ ಆಳದ ಉಳುಮೆಗೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಮೇಲೆಯೇ ತಡೆದು ನಿಂತರೆ ಪಲ್ಟಿ ನೇಗಿಲಿಗೆ ಹೇಳಿಕಳಿಸಿ, ಮಾಗಿ ಉಳುಮೆ ಮಾಡಿಸಿ, ಇಳಿಜಾರಿಗೆ ಅಡ್ಡಲಾಗಿಯೇ ಹೊಡೆಯುವಂತೆ ಡ್ರೈವರಿಗೆ ಮೊದಲೇ ತಾಕೀತು ಮಾಡಿ.